ಕರುಳಿನ ಜೀವಕೋಶಗಳು ಕೈಬಿಡುವಾಗ



ಮಲದಲ್ಲಿ ರಕ್ತ ಕಂಡರೆ ಶಿರಾ ಸೀಮೆಯಲ್ಲಿ ಮೊದಲು ಬರುವ ಮಾತು, ‘ಮೂಲವ್ಯಾಧಿ ಇರಬೇಕು.’ ಬಹುಪಾಲು ಜನರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಅದು ದೊಡ್ಡಕರುಳಿನ ಕ್ಯಾನ್ಸರ್. ನಾಟಿ ಔಷಧಿ, ಪಥ್ಯ, ಮುಲಾಮು ಎಂದು ತಿಂಗಳುಗಳು ಕಳೆದು, ಶಿರಾ, ತುಮಕೂರು ದಾಟಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಬಾಗಿಲು ತಲುಪುವಷ್ಟರಲ್ಲಿ ರೋಗ ಯಕೃತ್ತಿಗೂ ಹಬ್ಬಿರಬಹುದು. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಮಂದಿಗೆ ಈ ಕ್ಯಾನ್ಸರ್ ಬಂತು. 9 ಲಕ್ಷ ಮಂದಿ ತೀರಿಕೊಂಡರು.

ಕರುಳಿನಲ್ಲಿ ಹುಟ್ಟಿದ ಗಡ್ಡೆ ಯಕೃತ್ತಿಗೆ ಹೋಗುವುದು ಹೇಗೆ? ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಇಷ್ಟು ಓಡಾಟವಿದ್ದರೂ ಜೀವಕೋಶಗಳು ಸಾಲು ತಪ್ಪದಿರಲು ಮುಖ್ಯ ಕಾರಣ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್. ಅಕ್ಕಪಕ್ಕದ ಎರಡು ಕೋಶಗಳಿಂದ ಹೊರಚಾಚಿದ ಈ ಪ್ರೋಟೀನ್‌ಗಳು ಕ್ಯಾಲ್ಸಿಯಂ ಇದ್ದಾಗ ಮಾತ್ರ ಒಂದನ್ನೊಂದು ಹಿಡಿಯುತ್ತವೆ. 1980ರ ದಶಕದಲ್ಲಿ ಇವುಗಳನ್ನು ಗುರುತಿಸಿ ಹೆಸರಿಟ್ಟವರು ಜಪಾನಿನ ಮಸಾತೋಶಿ ತಾಕೆಯಿಚಿ.

ಕೋಶದ ಒಳಗೆ ಈ ಹಿಡಿತದ ಬುಡವನ್ನು ಕಟ್ಟಿಹಾಕಿರುವುದು ಬೀಟಾ-ಕ್ಯಾಟೆನಿನ್. ಅದಕ್ಕೆ ಇನ್ನೊಂದು ಮುಖವೂ ಇದೆ: ಕೋಶಕೇಂದ್ರಕ್ಕೆ ನುಗ್ಗಿದರೆ ‘ಒಡೆದು ಎರಡಾಗು’ ಎಂಬ ಆದೇಶ ಹೊರಡಿಸುತ್ತದೆ. ಹಾಗಾಗದಂತೆ ಹೆಚ್ಚುವರಿ ಬೀಟಾ-ಕ್ಯಾಟೆನಿನನ್ನು ನಾಶಮಾಡಿಸುವುದು ಎಪಿಸಿ ವಂಶವಾಹಿಯ ಕೆಲಸ. 1991ರಲ್ಲಿ ಪತ್ತೆಯಾದ ಈ ವಂಶವಾಹಿ, ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 80ರಲ್ಲಿ ಕೆಟ್ಟಿರುತ್ತದೆ.

ಬಯಾಪ್ಸಿಯ ಗಾಜಿನ ಮೇಲೆ ಈ ಹಿಡಿತ ತಪ್ಪುವುದನ್ನು ಕಣ್ಣಾರೆ ನೋಡಬಹುದು. ಆರೋಗ್ಯವಂತ ಕರುಳಿನಲ್ಲಿ ಇ-ಕ್ಯಾಡ್‌ಹೆರಿನ್ ಕಾಣುವಂತೆ ಬಣ್ಣ ಹಾಕಿದರೆ ಪ್ರತಿ ಕೋಶದ ಅಂಚಿಗೂ ಕಂದು ಗೆರೆ ಎದ್ದು ಕಾಣುತ್ತದೆ. ಗಡ್ಡೆಯ ನುಗ್ಗುವ ತುದಿಯಲ್ಲಿ ಆ ಗೆರೆ ಅಲ್ಲಲ್ಲಿ ಹರಿದಿರುತ್ತದೆ. ಬೀಟಾ-ಕ್ಯಾಟೆನಿನ್ ಅಂಚು ಬಿಟ್ಟು ಕೋಶಕೇಂದ್ರ ಸೇರಿರುತ್ತದೆ. ಒಂಟಿಯಾಗಿಯೋ, ಹೆಚ್ಚೆಂದರೆ ನಾಲ್ಕರ ಗುಂಪಾಗಿಯೋ ಕೋಶಗಳು ಕಳಚಿ ನಿಂತಿರುತ್ತವೆ. ರೋಗಶಾಸ್ತ್ರಜ್ಞರು ಈ ಗುಂಪುಗಳನ್ನು ಎಣಿಸುತ್ತಾರೆ. ನಿಗದಿಪಡಿಸಿದಷ್ಟು ಜಾಗದಲ್ಲಿ 10ಕ್ಕೆ ಮುಟ್ಟಿದರೆ ಅಪಾಯ ಹೆಚ್ಚು ಎಂದರ್ಥ.

ಇಲ್ಲಿ ಒಂದು ಸೋಜಿಗವಿದೆ. ಜಠರದ ಒಂದು ಬಗೆಯ ಕ್ಯಾನ್ಸರಿನಲ್ಲಿ ಇ-ಕ್ಯಾಡ್‌ಹೆರಿನ್‌ನ ವಂಶವಾಹಿಯೇ ಕೆಡುತ್ತದೆ. ದೊಡ್ಡಕರುಳಿನಲ್ಲಿ ಹಾಗಾಗುವುದು ಅಪರೂಪ. ಅಲ್ಲಿ ಆ ವಂಶವಾಹಿಯ ಬಾಯಿ ಕಟ್ಟಲಾಗುತ್ತದೆ, ಅಷ್ಟೆ. ಯಕೃತ್ತಿನಲ್ಲಿ ನೆಲೆಯೂರಿದ ಮೇಲೆ ಅವೇ ಕೋಶಗಳು ಮತ್ತೆ ಇ-ಕ್ಯಾಡ್‌ಹೆರಿನ್ ಹೊದ್ದು ಒಟ್ಟುಗೂಡುವುದುಂಟು. ದಾರಿ ಸವೆಸಲು ಕೈಬಿಟ್ಟು, ಬೀಡು ಬಿಡಲು ಕೈಹಿಡಿಯುವ ಈ ಚಾಲಾಕಿತನವೇ ಚಿಕಿತ್ಸೆಯನ್ನು ಕಷ್ಟಗೊಳಿಸಿದೆ.

ಸಿಇಎ ರಕ್ತಪರೀಕ್ಷೆಯ ಚೀಟಿ ಹಲವು ಮನೆಗಳಿಗೆ ಗೊತ್ತು. 1965ರಲ್ಲಿ ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕಂಡುಹಿಡಿದ ಸಿಇಎ ಕೂಡ ಕೋಶಗಳನ್ನು ಅಂಟಿಸುವ ಅಣುವೇ. ಆರೋಗ್ಯವಂತ ಕರುಳಿನಲ್ಲಿ ಅದು ಒಳಪೊಳ್ಳಿನ ಕಡೆಗಷ್ಟೇ ಇದ್ದು ಮಲದೊಂದಿಗೆ ಹೋಗುತ್ತದೆ. ಗಡ್ಡೆಯಲ್ಲಿ ಎಲ್ಲ ಬದಿಗೂ ಹರಡಿ ರಕ್ತ ಸೇರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿಯೂ ಏರಬಹುದು. ಆರಂಭದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರುವುದೇ ಇಲ್ಲ. ಆದ್ದರಿಂದ ‘ಸಿಇಎ ಸರಿಯಿದೆ, ಕ್ಯಾನ್ಸರಿಲ್ಲ’ ಎಂದು ಮನೆಗೆ ಕಳಿಸುವುದು ತಪ್ಪು. ಶಸ್ತ್ರಚಿಕಿತ್ಸೆಯಾದವರಲ್ಲಿ ರೋಗ ಮರುಕಳಿಸಿತೇ ಎಂದು ಗಮನಿಸಲು ಅದು ಒಳ್ಳೆಯ ಪರೀಕ್ಷೆ.

ಎಪ್‌ಕ್ಯಾಮ್ ಎಂಬ ಇನ್ನೊಂದು ಅಂಟು ಅಣುವಿನ ವಂಶವಾಹಿಯ ತುದಿ ತುಂಡಾದರೆ ನೆರೆಯ ಎಂಎಸ್‌ಎಚ್2 ವಂಶವಾಹಿ ಮೂಕವಾಗಿ, ಕರುಳಿನ ಕ್ಯಾನ್ಸರಿಗೆ ದಾರಿಮಾಡುವ ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ಕಾಯಿಲೆ ಬರುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದವರೂ ವೈದ್ಯರಿಗೆ ತಿಳಿಸಲೇಬೇಕು.

ಕರುಳಿನ ಒಳಪದರದಲ್ಲಿ ಏಳುವ ಸಣ್ಣ ಗಂಟು, ಅಂದರೆ ಪಾಲಿಪ್, ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಕ್ಯಾಮೆರಾ ನಳಿಕೆಯಿಂದ ಕರುಳು ನೋಡುವ ಕೊಲೊನೋಸ್ಕೋಪಿಯಲ್ಲಿ ಅದನ್ನು ಕಿತ್ತುಹಾಕಿದರೆ ಮುಂದಿನ ಕಥೆಯೇ ಇಲ್ಲ. ಆದರೆ 30 ದಾಟಿದವರಿಗಾಗಿ ಸರ್ಕಾರ ನಡೆಸುವ ತಪಾಸಣೆಯಲ್ಲಿರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳು ಮಾತ್ರ, ಕರುಳಿಲ್ಲ. ಅದೂ ಸೇರಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ. ಅಲ್ಲಿಯವರೆಗೆ, ಆಶಾ ಕಾರ್ಯಕರ್ತೆಯರೇ, ಮನೆಮನೆಗೆ ಹೋದಾಗ ಮೂರು ಪ್ರಶ್ನೆ ಹೆಚ್ಚಿಗೆ ಕೇಳಿ: ಮಲದಲ್ಲಿ ರಕ್ತ ಹೋಗುತ್ತಿದೆಯೇ? ಮಲವಿಸರ್ಜನೆಯ ರೀತಿ ಬದಲಾಗಿದೆಯೇ? ಕಾರಣವಿಲ್ಲದೆ ರಕ್ತಹೀನತೆ ಕಾಣಿಸಿಕೊಂಡಿದೆಯೇ? ಹೌದೆಂದವರನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಿಕೊಡಿ.