ವಿಯೆಟ್ನಾಮಿನ ಶುಂಠಿ ಕೋಳಿ, ಅಂಗಡಿಯ ಕರಿದ ಕೋಳಿ



ಇವತ್ತು ಕೋಳಿ ಅಡುಗೆಯ ಮಾತು ಆಡೋಣ. ಕೋಳಿ ತಿನ್ನದ ಮನೆಯವರೂ ಇಲ್ಲಿ ಕೂತಿದ್ದೀರಿ. ಬೇಸರ ಮಾಡ್ಕೋಬೇಡಿ. ಒಂದು ದೂರದ ದೇಶದ ಸುದ್ದಿಯೂ ಇದರಲ್ಲಿ ಬರುತ್ತದೆ.

ಆ ದೇಶದ ಹೆಸರು ವಿಯೆಟ್ನಾಂ. ನಮ್ಮ ದೇಶದಿಂದ ಪೂರ್ವಕ್ಕೆ ಹೋಗಬೇಕು. ಬರ್ಮಾ, ಥೈಲ್ಯಾಂಡ್ ದಾಟಬೇಕು. ಸಮುದ್ರದ ದಂಡೆಯಲ್ಲಿ ಉದ್ದಕ್ಕೆ ಚಾಚಿಕೊಂಡಿದೆ. ಭತ್ತದ ನಾಡು. ಅಲ್ಲಿ ಅಮೆರಿಕದ ಜೊತೆ ವರ್ಷಗಟ್ಟಲೆ ಯುದ್ಧ ನಡೆಯಿತು. 1975ರಲ್ಲಿ ಯುದ್ಧ ಮುಗಿಯಿತು. ಈಗ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕರಿಮೆಣಸು ಬೆಳೆಯುವುದು ಅದೇ ದೇಶ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಮೆಣಸು ಬೆಳೆಯುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅಲ್ಲಿಯ ಮೆಣಸು ಅಗ್ಗಕ್ಕೆ ಬಂದರೆ ಇಲ್ಲಿ ಬೆಲೆ ಇಳಿಯುತ್ತದಲ್ಲ!

ನಾವು ಎದುರಿಗೆ ಸಿಕ್ಕವರನ್ನು "ಊಟ ಆಯ್ತಾ?" ಅಂತ ಕೇಳ್ತೀವಿ. ಅವರೂ ಹಾಗೇ, "ಅನ್ನ ಉಂಡ್ರಾ?" ಅಂತ ಕೇಳ್ತಾರೆ. ಅನ್ನಕ್ಕೂ ಊಟಕ್ಕೂ ಅವರಲ್ಲಿ ಒಂದೇ ಪದ. ನಾಟಿ ಕೋಳಿಗೆ ಅವರು "ಗಾ ತಾ" ಅಂತಾರೆ. ಅಂದರೆ "ನಮ್ಮ ಕೋಳಿ". ಫಾರಂ ಕೋಳಿಗೆ "ಕೈಗಾರಿಕೆ ಕೋಳಿ" ಅನ್ನುವ ಅರ್ಥದ ಹೆಸರಿದೆ. ಅದು ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಡುಗೆಗೆ ಬರೋಣ. ಇದು ಶುಂಠಿ ಕೋಳಿ. ಅರ್ಧ ಕಿಲೋ ಕೋಳಿ ಸಾಕು. ಮೂಳೆ ಇರಲಿ. ತುಂಡು ಚಿಕ್ಕದಾಗಿರಲಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ನೀರು ಸಿಡಿಯುತ್ತದೆ. ನೀರಿನ ಜೊತೆ ರೋಗಾಣುಗಳೂ ಪಕ್ಕದ ಪಾತ್ರೆ, ತರಕಾರಿಗೆ ಹಾರುತ್ತವೆ. ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ. ಕೋಳಿ ಮುಟ್ಟಿದ ಕೈಯನ್ನು, ಚಾಕುವನ್ನು, ಮಣೆಯನ್ನು ಸೋಪು ಹಾಕಿ ತೊಳೆಯಿರಿ.

ಹೆಬ್ಬೆರಳು ಗಾತ್ರದ ಶುಂಠಿ ಎರಡು ತಗೊಳ್ಳಿ. ಜಜ್ಜಬೇಡಿ. ಕಡ್ಡಿ ಕಡ್ಡಿಯಾಗಿ ಹೆಚ್ಚಿ. ನಾಲ್ಕು ಎಸಳು ಬೆಳ್ಳುಳ್ಳಿ, ನಾಲ್ಕು ಸಾಂಬಾರ್ ಈರುಳ್ಳಿ ಹೆಚ್ಚಿಕೊಳ್ಳಿ.

ಅಲ್ಲಿ ಇದಕ್ಕೆ ಮೀನಿನ ರಸ ಹಾಕ್ತಾರೆ. ಸಣ್ಣ ಮೀನನ್ನು ಉಪ್ಪಿನ ಜೊತೆ ದೊಡ್ಡ ಮರದ ತೊಟ್ಟಿಯಲ್ಲಿ ತುಂಬಿ, ಸುಮಾರು ಒಂದು ವರ್ಷ ಇಡುತ್ತಾರೆ. ಅದರಿಂದ ಕಂದು ಬಣ್ಣದ ರಸ ಇಳಿಯುತ್ತದೆ. ಫೂ ಕ್ವೋಕ್ ಅನ್ನುವ ದ್ವೀಪದ ರಸಕ್ಕೆ ದೊಡ್ಡ ಹೆಸರು. ವಾಸನೆ ಜೋರು. ಒಣ ಮೀನು ತಿನ್ನುವ ಕರಾವಳಿಯ ಅಕ್ಕಂದಿರು ಹೆದರಲಾರರು. ಬೆಂದ ಮೇಲೆ ಆ ವಾಸನೆ ತಗ್ಗಿ, ರುಚಿ ಉಳಿಯುತ್ತದೆ. ದೊಡ್ಡ ಪೇಟೆಗಳಲ್ಲಿ ಇದರ ಬಾಟಲಿ ಸಿಗುತ್ತದೆ. ಸಿಗದಿದ್ದರೆ ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸ್ ಒಂದೂವರೆ ಚಮಚ, ಸ್ವಲ್ಪ ಉಪ್ಪು ಹಾಕಿ. ಅಸಲು ರುಚಿ ಬರುವುದಿಲ್ಲ. ಆದರೂ ಚೆನ್ನಾಗಿರುತ್ತದೆ. ಎರಡರಲ್ಲೂ ಉಪ್ಪು ಮೊದಲೇ ಇರುತ್ತದೆ. ಬೇರೆ ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕಿ.

ಕೋಳಿಗೆ ಅರ್ಧ ಶುಂಠಿ, ಎರಡು ದೊಡ್ಡ ಚಮಚ ಮೀನಿನ ರಸ, ಒಂದು ಚಮಚ ಸಕ್ಕರೆ ಕಲಸಿ ಅರ್ಧ ಗಂಟೆ ಬಿಡಿ. ಮೇಲೆ ಮುಚ್ಚಿಡಿ.

ಈಗ ದಪ್ಪ ತಳದ ಪಾತ್ರೆ ಇಡಿ. ಒಂದು ಚಮಚ ಎಣ್ಣೆ, ಒಂದು ದೊಡ್ಡ ಚಮಚ ಸಕ್ಕರೆ ಹಾಕಿ. ಉರಿ ಸಣ್ಣಗಿರಲಿ. ಸಕ್ಕರೆ ಕರಗುತ್ತದೆ. ಮೊದಲು ಜೇನಿನ ಬಣ್ಣ, ಆಮೇಲೆ ಕಾಫಿ ಡಿಕಾಕ್ಷನ್ ಬಣ್ಣ ಬರುತ್ತದೆ. ಇಲ್ಲಿ ಪಾತ್ರೆ ಬಿಟ್ಟು ಆಚೆ ಹೋಗಬೇಡಿ. ಮಗು ಅತ್ತರೂ ಒಲೆ ಆರಿಸಿಯೇ ಏಳಿ. ಒಂದು ಗಳಿಗೆ ತಪ್ಪಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಬಣ್ಣ ಬಂದ ಕೂಡಲೇ ಈರುಳ್ಳಿ, ಬೆಳ್ಳುಳ್ಳಿ, ಉಳಿದ ಶುಂಠಿ ಹಾಕಿ ಕೈಯಾಡಿಸಿ. ಕೋಳಿ ಹಾಕುವಾಗ ಮುಖ ದೂರ ಇರಲಿ. ಸಿಡಿಯುತ್ತದೆ.

ಕೋಳಿಗೆ ಬಣ್ಣ ಹತ್ತಿದ ಮೇಲೆ ಒಂದು ಲೋಟ ನೀರು ಹಾಕಿ. ಅಲ್ಲಿಯ ದಕ್ಷಿಣದ ಕಡೆ ನೀರಿಗೆ ಬದಲು ಎಳನೀರು ಹಾಕ್ತಾರೆ. ನಮ್ಮಲ್ಲಿ ಎಳನೀರಿಗೇನು ಬರವೆ? ಫಾರಂ ಕೋಳಿ ಅರ್ಧ ಗಂಟೆಯಲ್ಲಿ ಬೇಯುತ್ತದೆ. ನಾಟಿ ಕೋಳಿಗೆ ಒಂದು ಗಂಟೆಯೂ ಬೇಕಾದೀತು. ಮೂಳೆಯ ಹತ್ತಿರ ಕೆಂಪು ರಸ ಕಾಣಬಾರದು. ಸಾರು ಇಂಗಿ ತುಂಡಿಗೆ ಅಂಟಿಕೊಂಡಾಗ ಇಳಿಸಿ, ಮೆಣಸಿನ ಪುಡಿ ಉದುರಿಸಿ. ಖಾರದ ಪುಡಿ ಇಲ್ಲ, ಮಸಾಲೆ ಅರೆಯುವುದಿಲ್ಲ, ತೆಂಗಿನಕಾಯಿ ತುರಿಯುವುದಿಲ್ಲ. ಅಲ್ಲಿಗೆ ಅರ್ಧ ಕೆಲಸ ಉಳಿಯಿತು.

ಬಾಣಂತಿಗೆ ಶುಂಠಿ, ಮೆಣಸು ಒಳ್ಳೆಯದು ಅನ್ನುವ ನಂಬಿಕೆ ಅಲ್ಲೂ ಇದೆ.

ಇದು ಉಪ್ಪು ಸಿಹಿ ಬೆರೆತ ಗಟ್ಟಿ ಪದಾರ್ಥ. ಒಂದು ಸಣ್ಣ ತುಂಡಿಗೆ ನಾಲ್ಕು ತುತ್ತು ಅನ್ನ ಇಳಿಯುತ್ತದೆ. ಅದಕ್ಕೇ ಅರ್ಧ ಕಿಲೋ ಐದು ಜನಕ್ಕೆ ಸಾಕು ಅಂದದ್ದು.

ಅವರು ಉಣ್ಣುವ ರೀತಿ ಕೇಳಿ. ನಡುವೆ ಒಂದು ದೊಡ್ಡ ತಟ್ಟೆ. ಅದರಲ್ಲಿ ಕೋಳಿ, ಸೊಪ್ಪು, ತಿಳಿ ಸಾರು. ಸುತ್ತ ಮನೆಯವರೆಲ್ಲ ಕೂರುತ್ತಾರೆ. ಹಿರಿಯರನ್ನು ಕರೆದು ಉಣ್ಣಿ ಅಂತ ಹೇಳಿದ ಮೇಲೆ ಕಿರಿಯರು ಕೈ ಹಾಕ್ತಾರೆ. ಅನ್ನದ ಪಾತ್ರೆಯ ಪಕ್ಕ ಹೆಚ್ಚಾಗಿ ಸೊಸೆಯೋ ಮಗಳೋ ಕೂರುವ ರೂಢಿ. ಬಡಿಸುವ ಕೆಲಸ ಅಲ್ಲೂ ಹೆಂಗಸಿನದೇ, ನೋಡಿ! ಆದರೆ ಬಡಿಸುತ್ತ ತಾನೂ ಉಣ್ಣುತ್ತಾಳೆ.

ನಮ್ಮ ಮನೆಗಳಲ್ಲಿ? ಗಂಡಸರು, ಮಕ್ಕಳು, ನೆಂಟರು ಎದ್ದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತದೆ? ಕತ್ತಿನ ಮೂಳೆ, ತಳದ ಸಾರು. "ನನಗೆ ಕತ್ತೇ ಇಷ್ಟ" ಅನ್ನುವ ತಾಯಂದಿರನ್ನು ನಾವು ಎಷ್ಟೋ ಕಂಡಿದ್ದೇವೆ. ನಿಜವಾಗಿ ಇಷ್ಟವೋ, ಹೇಳಿ ಹೇಳಿ ಅಭ್ಯಾಸವೋ? ರಕ್ತ ಕಡಿಮೆ ಇರುವವರು ನಮ್ಮ ಹೆಂಗಸರಲ್ಲೇ ಹೆಚ್ಚು. ಮಾಂಸದಲ್ಲಿರುವ ಕಬ್ಬಿಣದ ಅಂಶ ಮೈಗೆ ಬೇಗ ಹತ್ತುತ್ತದೆ. ಬಡಿಸುವ ಮೊದಲೇ ನಿಮ್ಮ ಎರಡು ತುಂಡು ನಿಮ್ಮ ತಟ್ಟೆಗೆ ಹಾಕಿಡಿ. ಅತ್ತೆ ಏನಂದಾರು ಅಂತೀರಾ? ಅತ್ತೆಯ ತಟ್ಟೆಗೂ ಹಾಕಿ.

ಇನ್ನು ಅಂಗಡಿಯ ಕೋಳಿ. ಮಕ್ಕಳು ಕೇಳುತ್ತಾರೆ, ಹಟ ಮಾಡುತ್ತಾರೆ. ಗರಿಗರಿ ಹೊದಿಕೆ, ಒಳಗೆ ಮೆತ್ತನೆ ಮಾಂಸ. ರುಚಿ ಇಲ್ಲ ಅಂದರೆ ಸುಳ್ಳಾಗುತ್ತದೆ. ಇದರಲ್ಲಿ ಹೆಸರು ಮಾಡಿದವರು ಅಮೆರಿಕದ ಹಾರ್ಲ್ಯಾಂಡ್ ಸ್ಯಾಂಡರ್ಸ್. ಪೆಟ್ರೋಲ್ ಬಂಕಿಗೆ ಬಂದವರಿಗೆ ಊಟ ಹಾಕುತ್ತಿದ್ದರು. ಕೋಳಿ ಬೇಗ ಬೇಯಲಿ ಅಂತ ಪ್ರೆಶರ್ ಕುಕ್ಕರಿನಲ್ಲಿ ಎಣ್ಣೆ ಇಟ್ಟು ಕರಿದರು. ಈಗ ಅಂಗಡಿಗಳಲ್ಲಿ ಅದಕ್ಕೇ ಬೇರೆ ಯಂತ್ರ ಇದೆ. ನಮ್ಮ ಮನೆಯ ಕುಕ್ಕರಿನಲ್ಲಿ ಎಣ್ಣೆ ತುಂಬಿ ಮುಚ್ಚಳ ಹಾಕಿ ಯಾರೂ ಹೀಗೆ ಕರಿಯಬೇಡಿ. ಸಿಡಿದರೆ ಜೀವಕ್ಕೇ ಅಪಾಯ. ಬಾಣಲೆಯಲ್ಲಿ ಕರಿಯಿರಿ, ಸಾಕು. ವಿಯೆಟ್ನಾಮಿನವರು ಕರಿದ ರೆಕ್ಕೆಗಳನ್ನು ಮೀನಿನ ರಸ, ಬೆಳ್ಳುಳ್ಳಿ, ಸಕ್ಕರೆಯ ಪಾಕದಲ್ಲಿ ಹೊರಳಿಸುತ್ತಾರೆ. ಅದೂ ಗರಿಗರಿಯೇ.

ಆ ಅಮೆರಿಕದ ಕಂಪನಿ 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅಂಗಡಿ ತೆರೆಯಿತು. ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ ವಿರೋಧ ಮಾಡಿತು. 1996ರಲ್ಲಿ ರೈತ ಸಂಘದವರು ಒಳಗೆ ನುಗ್ಗಿ ಒಡೆದು ಹಾಕಿದರು. ಹೊರದೇಶದ ಕಂಪನಿ ಬಂದರೆ ನಮ್ಮ ರೈತನ ಗತಿ ಏನು ಅನ್ನುವುದು ಅವರ ಪ್ರಶ್ನೆ. ಅದೇ ಕಂಪನಿ 1997ರಲ್ಲಿ ವಿಯೆಟ್ನಾಮಿಗೂ ಹೋಯಿತು. ಅಲ್ಲಿಯವರು ಅನ್ನ ಬಿಡಲಿಲ್ಲ. ಕಂಪನಿಯೇ ಕರಿದ ಕೋಳಿಯ ಪಕ್ಕ ಅನ್ನ ಇಟ್ಟಿತು!

ದಿನವೂ ತಿನ್ನುವ ಊಟ ಅಲ್ಲ ಇದು. ಎಣ್ಣೆ ಹೆಚ್ಚು, ಉಪ್ಪು ಹೆಚ್ಚು. ಬಿ.ಪಿ. ಇದ್ದವರು ಜೋಪಾನ. ಜೊತೆಗೆ ಕೊಡುವ ಬಣ್ಣದ ಪಾನೀಯದಲ್ಲಿ ಸಕ್ಕರೆಯೇ ಸಕ್ಕರೆ. ಎರಡು ತುಂಡಿಗೆ ಎಷ್ಟು ಕೊಟ್ಟಿರಿ, ಆ ದುಡ್ಡಿಗೆ ಪೇಟೆಯಲ್ಲಿ ಎಷ್ಟು ಕೋಳಿ ಬರುತ್ತದೆ ಅಂತ ಲೆಕ್ಕ ಹಾಕಿ. ಆದರೂ ವರ್ಷಕ್ಕೆ ಎರಡು ಸಲ ಹೋಗೋಣ ಅಂತೀವಿ ನಾವು. ಅಲ್ಲಿ ಒಲೆ ನಮ್ಮದಲ್ಲ, ಪಾತ್ರೆ ತೊಳೆಯುವುದೂ ನಮ್ಮದಲ್ಲ. ತುಂಡು ಎಣಿಸಿ ಕೊಡುತ್ತಾರೆ. ತಾಯಿಗೂ ಬಿಸಿ ಬಿಸಿ ಕಾಲು ಸಿಗುತ್ತದೆ.

ಹೋದಾಗ ಗೋಡೆಯ ಮೇಲಿನ ಬೆಲೆಯ ಹಲಗೆ ನೋಡಿ. ಬೆಲೆ ಅಂಕಿಯಲ್ಲಿರುತ್ತದೆ. ತೆರಿಗೆ ಸೇರಿದೆಯೇ ಅಂತ ಕೇಳಿ. ಬಿಲ್ಲು ತಗೊಂಡು ಕೂಡಿ ನೋಡಿ. ಉಳಿದದ್ದನ್ನು ಮನೆಗೆ ಕಟ್ಟಿಸಿಕೊಂಡರೆ ಎರಡು ಗಂಟೆಯೊಳಗೆ ತಿಂದು ಮುಗಿಸಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಮರುದಿನ ಒಳಗಿನವರೆಗೂ ಹೊಗೆಯಾಡುವ ಹಾಗೆ ಬಿಸಿ ಮಾಡಿ ಕೊಡಿ.