ಶಾಲೆಗೆ ಹೆದರುವ ಮಗು
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ; ಮಿಲ್ಲಿನಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ನಮ್ಮ ವಠಾರದ ಸ್ನೇಹಿತರೊಬ್ಬರ ಮಗಳು ಇಲ್ಲಿಯೇ ಚೆನ್ನೈಯಲ್ಲಿ ಆರನೆಯ ತರಗತಿ ಓದುತ್ತಾಳೆ. ಬೆಳಗ್ಗೆ ಎಂಟಾಯಿತೆಂದರೆ ಹೊಟ್ಟೆನೋವು, ಕೈನಡುಕ. ಭಾನುವಾರ ಏನೂ ಇಲ್ಲ. ಕಳ್ಳನೆಪವೆಂದು ತಂದೆ ಎರಡೇಟು ಹಾಕಿದರು. ನಾನೂ ಹಾಗೆಯೇ ಎಣಿಸಿದ್ದೆ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು, ಇದು ಆತಂಕದ ಕಾಯಿಲೆ, ಆದರೆ ಶಾಲೆ ಬಿಡಿಸಿದರೆ ಭಯ ಇನ್ನೂ ಬಲಿಯುತ್ತದೆ ಎಂದರು.

ಶಾಲೆಗೆ ಹೋಗಿ “ಸ್ವಲ್ಪ ನೋಡಿಕೊಳ್ಳಿ” ಎಂದೆವು. ಏನೂ ಆಗಲಿಲ್ಲ. ಎರಡನೆಯ ಸಲ ವೈದ್ಯರ ಚೀಟಿ ಲಗತ್ತಿಸಿ ಅರ್ಜಿ ಬರೆದೆ: ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದಿದ್ದರೆ ಹಿಂದಿನ ದಿನವೇ ಅವಳಿಗೆ ತಿಳಿಸಬೇಕು, ಬಾಗಿಲ ಬಳಿ ಕೂರಿಸಬೇಕು, ಉಸಿರು ಕಟ್ಟಿದಂತಾದರೆ ಐದು ನಿಮಿಷ ಪರಿಚಿತ ಉಪಾಧ್ಯಾಯಿನಿಯೊಬ್ಬರ ಬಳಿ ಕುಳಿತು ಮರಳಲು ಬಿಡಬೇಕು, ಧೈರ್ಯ ಬಂದಂತೆ ಇವನ್ನು ಕಡಿಮೆ ಮಾಡುತ್ತ ಬರಬೇಕು. ನಕಲಿನ ಮೇಲೆ ಶಾಲೆಯ ಮೊಹರು ಹಾಕಿಸಿಕೊಂಡೆ. ಗುಮಾಸ್ತನ ಬುದ್ಧಿ, ಎಲ್ಲಿ ಹೋದೀತು!

“ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ” ಎಂದರು ಮುಖ್ಯೋಪಾಧ್ಯಾಯಿನಿ. ಕೊನೆಗೆ ತಿಂಗಳ ಮಟ್ಟಿಗೆ ಒಪ್ಪಿದರು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಮಕ್ಕಳಿಗೆ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯಿಲೆ ಅಂಗವೈಕಲ್ಯವೆಂದು ದಾಖಲಾಗುವಷ್ಟು ತೀವ್ರವಾಗಿದ್ದರೆ, 2016ರ ಕಾಯಿದೆಯಂತೆ ಮಾನ್ಯತೆ ಪಡೆದ ಶಾಲೆ ತಕ್ಕ ಅನುಕೂಲ ಮಾಡಿಕೊಡಲೇಬೇಕು. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಕೇಳಿದ್ದರಲ್ಲಿ ಯಾವುದಕ್ಕೂ ಕಾಸಿನ ಖರ್ಚಿರಲಿಲ್ಲ.

ಈಗಲೂ ಸೋಮವಾರ ಅವಳಿಗೆ ಕಷ್ಟವೇ. ಆದರೂ ಹೋಗುತ್ತಾಳೆ.

ವೈದ್ಯರನ್ನು ಕಾಣಲು ಸಂಕೋಚಪಡುವವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡವೂ ಉಂಟು. ಹೆಸರು ಅಳಿಸಿದ ಅರ್ಜಿಯ ನಕಲು ಮೇಜಿನ ಮೇಲಿದೆ. ಬೇಕಾದವರು ಭಾನುವಾರ ಬನ್ನಿ, ಬರೆದುಕೊಡುತ್ತೇನೆ.