ಹಾಡಿನ ಹಿಂದೆ ಕೂತವರು

ಕಬ್ಬೂರಿಂದ ಮಾತಾಡಾಕತ್ತೀನಿ. ಇವತ್ತು ಇಯರ್‌ಫೋನ್ ಹಾಕ್ಕೊಂಡ ಕೇಳ್ರಿ.

'ಇಫ್ ಯು ಕಮ್ ಟುಡೇ' ಗೊತ್ತೈತೆಲ್ಲ? 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಾಗ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು. ಮೀಮ್ ಆಗಿ ನಮ್ಮೆಲ್ಲರ ಫೋನಿಗೂ ಬಂದು ಹೋಗೈತಿ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅವರ ಹತ್ತಿರ ಮೊದಲು ವರ್ಷಗಟ್ಟಲೆ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದವರು ಇಳಯರಾಜ. 1976ರಲ್ಲಿ 'ಅನ್ನಕ್ಕಿಳಿ' ಬಂದ ಮೇಲೆ ಅವರ ಹೆಸರು ಮನೆಮಾತಾತು. ಉಳಿದ ವಾದಕರು? ಅವರ ಹೆಸರು ನಮಗ್ಯಾರಿಗೂ ಬಾಯಾಗ ಬರೂದಿಲ್ಲ.

ಆ ಹಾಡು ಸ್ವಿಂಗ್ ಅಲ್ಲ. ಆದ್ರ ಮೈಕಿನ ಸಮೀಪ ನಿಂತು, ಕಿವ್ಯಾಗ ಹೇಳಿದಂಗ ಹಾಡೋ ಆ ಧಾಟಿ ಅಮೆರಿಕದ ಸ್ವಿಂಗ್ ಗಾಯಕರನ್ನ ನೆನಪಿಸ್ತದ, ನನಗಂತೂ. ಸ್ವಿಂಗ್ ಅಂದ್ರ ತಾಳದಾಗ ಒಂದು ಪೆಟ್ಟು ಉದ್ದ, ಮುಂದಿನದು ಗಿಡ್ಡ. ಕೇಳಿದ್ರ ಕಾಲು ತಾನ ಅಲ್ಲಾಡಬೇಕು. ಬಿಗ್ ಬ್ಯಾಂಡ್ ಅಂದ್ರ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್, ಡ್ರಮ್ಸ್ ಎಲ್ಲ ಸೇರಿ ಸುಮಾರು 17 ಮಂದಿ. ಅಷ್ಟು ಜನ ಒಮ್ಮೆಲೆ ಊದಿದ್ರ ಹಾಡುಗಾರನ ದನಿ ಮುಳುಗಬೇಕಲ್ರಿ? ಮುಳುಗೂದಿಲ್ಲ. ಯಾರು ಎಲ್ಲಿ ಊದಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಒಬ್ಬ ಅರೇಂಜರ್ ಮೊದಲೇ ಬರೆದಿಟ್ಟಿರ್ತಾನ.

1956ರ ಜನವರಿ 12, ಹಾಲಿವುಡ್. ಫ್ರಾಂಕ್ ಸಿನಾತ್ರಾ ಅವರ 'ಸಾಂಗ್ಸ್ ಫಾರ್ ಸ್ವಿಂಗಿನ್ ಲವರ್ಸ್' ಆಲ್ಬಮ್ ರೆಕಾರ್ಡಿಂಗ್. ಅರೇಂಜರ್ ನೆಲ್ಸನ್ ರಿಡಲ್. ಒಂದು ಹಾಡಿಗೆ ಸ್ವರ ಬರೆಯೋ ಕೆಲಸ ರಾತ್ರಿಯೆಲ್ಲ ಮಾಡಿದ್ರೂ ಮುಗಿಲಿಲ್ಲ. ಹೆಂಡತಿ ಕಾರ್ ಓಡಿಸ್ತಿದ್ರ, ಇವರು ಹಿಂದಿನ ಸೀಟಿನಾಗ ಕೂತು ಬರೀತಾ ಸ್ಟುಡಿಯೋಕ್ಕ ಬಂದರಂತ. ಮೊದಲ ಸಲ ನುಡಿಸಿ ನೋಡಿದಾಗ ವಾದಕರೇ ಚಪ್ಪಾಳೆ ತಟ್ಟಿದರಂತ. ಆಮ್ಯಾಲ ಒಂದಲ್ಲ ಎರಡಲ್ಲ, 22 ಟೇಕ್! ನಡುವೆ ಮಿಲ್ಟ್ ಬರ್ನ್‌ಹಾರ್ಟ್ ಅವರ ಟ್ರೊಂಬೋನ್ ಬರ್ತದ. ಮೈಕು ಮೇಲಿತ್ತು, ಎಟಕಲಿಲ್ಲ. ಸಿನಾತ್ರಾನೇ ಹೋಗಿ ನಿಂತ್ಕೊಳ್ಳಾಕ ಒಂದು ಪೆಟ್ಟಿಗೆ ತಂದು ಕೊಟ್ರು ಅಂತ ಅವರೇ ಮುಂದೆ ನೆನಪಿಸಿಕೊಂಡರು. ಹಾಡಿನ ಹೆಸರು 'ಐವ್ ಗಾಟ್ ಯು ಅಂಡರ್ ಮೈ ಸ್ಕಿನ್'. ನಡುವಿನ ಆ ಏರು ಕೇಳ್ರಿ, ನಿಧಾನಕ್ಕ ಹತ್ತಿ ಹತ್ತಿ ಒಮ್ಮೆಲೆ ಒಡೀತದ.

ಇದೇ ರಿಡಲ್‌ಗೆ ಆರು ವರ್ಷ ಮೊದಲು ಏನಾಗಿತ್ತು ಗೊತ್ತೇನು? 1950ರಲ್ಲಿ ನ್ಯಾಟ್ ಕಿಂಗ್ ಕೋಲ್ ಹಾಡಿದ 'ಮೋನಾ ಲೀಸಾ'ಕ್ಕ ಅರೇಂಜ್ ಮಾಡಿದ್ದು ಇವರು. ರೆಕಾರ್ಡಿನ ಮೇಲೆ ಬಂದದ್ದು ಲೆಸ್ ಬಾಕ್ಸ್ಟರ್ ಹೆಸರು.

ನಾನು ಬಿಕಾಂ ಓದಿದಾಂವ. ಲೆಜರಿನಾಗ ಹೆಸರಿಲ್ಲದ ಖಾತೆ ಇರೂದಿಲ್ಲ, ಇದ್ರ ಆಡಿಟರ್ ಬಿಡೂದಿಲ್ಲ. ಸಂಗೀತದಾಗ ಮಾತ್ರ ಇಂಥ ಖಾತೆ ಎಷ್ಟಾದ್ರೂ ನಡೀತಾವ. ನಮ್ಮ ಚಿಕ್ಕೋಡಿ-ನಿಪ್ಪಾಣಿ ಕಡೆ ಲಗ್ನದ ಬ್ಯಾಂಡಿನವರನ್ನೇ ನೋಡ್ರಿ. ಸಿನಿಮಾದಾಗ ಹತ್ತಾರು ವಾದ್ಯದವರು ನುಡಿಸಿದ ಹಾಡನ್ನ ಕಿವಿಯಿಂದ ಕೇಳಿ, ತಮ್ಮ ಏಳೆಂಟು ಮಂದಿಗೆ ಹಂಚಿ ಕೊಡ್ತಾರ. ಹಾಡೋರ ಸಾಲು ಒಬ್ಬರಿಗೆ, ನಡುವಿನ ತುಣುಕು ಇನ್ನೊಬ್ಬರಿಗೆ. ಅದೂ ಅರೇಂಜಿಂಗೇ, ಕಾಗದ ಇಲ್ಲ ಅಷ್ಟ. ಈಗ ಡಿಜೆ ಬಂದು ಅವರ ತಾರೀಖು ಕಡಿಮಿ ಆಗ್ಯಾವ. ನಮ್ಮ ರೀಲ್ಸಿನಾಗ ಮದುಮಗನ ಹೆಸರು ಐತಿ, ಫೋಟೋಗ್ರಾಫರ್ ಹೆಸರು ಐತಿ, ಬ್ಯಾಂಡಿನವರದು ಇಲ್ಲ.

ಅದಕ್ಕ ಮುಂದಿನ ಕಂತಿನಾಗ ನಮ್ಮೂರ ಕಡೆಯ ಒಂದು ಬ್ಯಾಂಡಿನ ರೆಕಾರ್ಡಿಂಗ್ ಹಾಕ್ತೀನಿ. ಒಪ್ಪಿಗೆ ಕೇಳ್ಕೊಂಡು, ಜಾಂಜ್ ಹಿಡಿಯೋ ಹುಡುಗನವರೆಗೂ ಎಲ್ಲರ ಹೆಸರು ಕೆಳಗ ಬರೀತೀನಿ. ನಿಮ್ಮ ಫೋನಿನಾಗ ಇಂಥ ವಿಡಿಯೋ ಇದ್ರ, ಮೊದಲು ಅವರ ಹೆಸರು ಕೇಳ್ಕೊಂಡು ಬಂದು ಆಮ್ಯಾಲ ನನಗ ಕಳಿಸ್ರಿ.